ಹೊಸ ಕೊಡುಗೆದಾರರಿಗಾಗಿ ಕೈಪಿಡಿ ಬರೆಯಲು ಹೊರಟಿದ್ದೇವೆ: ಎಲ್ಲಿಂದ ಶುರುಮಾಡಬೇಕು?

ಕಡತಪಾಲಕ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ಆರು ವರ್ಷಗಳಿಂದ ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡನ್ನು, ನಡೆಸಿಕೊಂಡು ಬರುತ್ತಿದ್ದೇವೆ. ಹಳೆಯ ಎನ್‌ಕೋಡಿಂಗ್‌ಗಳಲ್ಲಿ (ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಪದ್ಧತಿಗಳಲ್ಲಿ) ಸಿಕ್ಕಿಕೊಂಡಿರುವ ಪಠ್ಯವನ್ನು ಯೂನಿಕೋಡ್‌ಗೆ ತರುವುದು ಅದರ ಕೆಲಸ. ಲೈಬ್ರರಿಯನ್ನು ಬಳಸುವವರಿಗೆ ಬೇಕಾದ ಕೈಪಿಡಿ ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ. ಆದರೆ ಕೋಡ್ ತಿದ್ದಲು, ದೋಷ ಹುಡುಕಲು, ಬರಹ ಸರಿಪಡಿಸಲು ಬರುವವರಿಗಾಗಿ ನಮ್ಮಲ್ಲಿರುವುದು ಹನ್ನೊಂದು ಸಾಲಿನ ಒಂದೇ ಒಂದು ಕಡತ. ಅದರ ಕೊನೆಯ ಸಾಲು ‘ಸಂದೇಹವಿದ್ದರೆ ಕೇಳಿ’ ಎನ್ನುತ್ತದೆ. ಯಾರನ್ನು, ಎಲ್ಲಿ ಕೇಳಬೇಕೆಂಬುದು ಅದರಲ್ಲಿಲ್ಲ.

ಕಳೆದ ವಾರ ಹಳೆಯ ಪುಲ್ ರಿಕ್ವೆಸ್ಟ್‌ಗಳನ್ನೆಲ್ಲ (ಸೇರಿಸಿಕೊಳ್ಳಿ ಎಂದು ಕೊಡುಗೆದಾರರು ಕಳುಹಿಸಿದ ತಿದ್ದುಪಡಿಗಳನ್ನೆಲ್ಲ) ತಿರುವಿಹಾಕಿದಾಗ ಮನಸ್ಸಿಗೆ ಬೇಸರವಾಯಿತು. ಮೊದಲ ತಿದ್ದುಪಡಿ ಕಳುಹಿಸಿದವರು ಸಾಕಷ್ಟು ಮಂದಿ ಇದ್ದಾರೆ. ಎರಡನೆಯದನ್ನು ಕಳುಹಿಸಿದವರನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು. ಬಂದವರು ಏಕೆ ಉಳಿಯಲಿಲ್ಲವೆಂದು ನಾವು ಯಾರೂ ಅವರನ್ನು ಕೇಳಿಲ್ಲ.

ಮುಂದಿನ ಬಿಡುಗಡೆಗೆ ಮುನ್ನ ಇದನ್ನು ಸರಿಪಡಿಸಬೇಕೆಂದಿದ್ದೇವೆ. ನನ್ನ ಜೊತೆಯ ನಿರ್ವಾಹಕರೊಬ್ಬರು ಒಂಬತ್ತು ಕಡತಗಳ ಪಟ್ಟಿ ಮಾಡಿದ್ದಾರೆ: ಕೊಡುಗೆಯ ಮಾರ್ಗದರ್ಶಿ, ನಡತೆಯ ನಿಯಮಗಳು, ಆಡಳಿತ ಕ್ರಮ, ಭದ್ರತಾ ನೀತಿ, ಕೋಡ್ ಶೈಲಿ, ಒಳರಚನೆಯ ವಿವರಣೆ, ಬಿಡುಗಡೆಯ ವಿಧಾನ, ಮುಂದಿನ ಗುರಿಗಳು, ಅನುವಾದಕರ ಕೈಪಿಡಿ. ಬೇರೆ ಪ್ರಾಜೆಕ್ಟ್‌ಗಳಿಂದ ನಕಲು ಮಾಡಿ ತಂದಿಟ್ಟ ಒಂಬತ್ತು ಕಡತಗಳನ್ನು ಆರು ತಿಂಗಳು ಕಳೆದ ಮೇಲೆ ನಾವೇ ತೆರೆದು ನೋಡುವುದಿಲ್ಲವೆಂಬುದು ನನ್ನ ಅಳುಕು. ಯಾವುದನ್ನು ಮೊದಲು ಬರೆಯಬೇಕು, ಎಲ್ಲಿಡಬೇಕು, ಬರೆದ ಮೇಲೆ ಯಾರು ನೋಡಿಕೊಳ್ಳಬೇಕು? ಇಂಥ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಅಲ್ಪವಿರಾಮ

ಕಡತಗಳ ಪಟ್ಟಿಯಿಂದ ಶುರುಮಾಡಬೇಡಿ ಎಂಬುದೇ ನನ್ನ ಮೊದಲ ಮಾತು. ನಾನು ತಾಂತ್ರಿಕ ಬರಹಗಾರ್ತಿ. ಮೂರು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಇದೇ ಕೆಲಸ ಮಾಡಿದ್ದೇನೆ, ಅವುಗಳಲ್ಲಿ ಮೊದಲನೆಯದನ್ನು ಪಟ್ಟಿಯಿಂದ ಶುರುಮಾಡಿಯೇ ಕೆಡಿಸಿದೆ.

ಎರಡನೆಯದರಲ್ಲಿ ಬೇರೆ ದಾರಿ ಹಿಡಿದೆವು. ಆ ಪ್ರಾಜೆಕ್ಟನ್ನು ಎಂದೂ ಮುಟ್ಟಿರದ, ಆದರೆ ಪ್ರೋಗ್ರಾಮಿಂಗ್ ಚೆನ್ನಾಗಿ ಬಲ್ಲ ಒಬ್ಬರನ್ನು ಕರೆದು, ಅವರ ಪರದೆಯನ್ನು ಹಂಚಿಕೊಳ್ಳಲು ಹೇಳಿ, ‘ದಾಖಲೆಯಲ್ಲಿರುವ ಒಂದು ಕಾಗುಣಿತದ ತಪ್ಪನ್ನು ತಿದ್ದಿ, ಪರೀಕ್ಷೆಗಳನ್ನು ಓಡಿಸಿ, ಪುಲ್ ರಿಕ್ವೆಸ್ಟ್ ಕಳುಹಿಸಿ’ ಎಂದೆವು. ನಾನು ಮತ್ತು ಒಬ್ಬ ನಿರ್ವಾಹಕರು ಮೈಕ್ ಬಂದ್ ಮಾಡಿಕೊಂಡು ಬರೀ ನೋಡುತ್ತ ಕೂತೆವು. ಹತ್ತು ನಿಮಿಷದ ಕೆಲಸವೆಂದು ನಾವು ಎಣಿಸಿದ್ದೆವು. ಒಂದೂವರೆ ಗಂಟೆಯಾದರೂ ಮುಗಿಯಲಿಲ್ಲ. ಕೈಪಿಡಿಯ ನಾಲ್ಕನೆಯ ಹೆಜ್ಜೆಯಲ್ಲಿ ‘ಬೇಕಾದ ಅವಲಂಬನೆಗಳನ್ನು ಇನ್‌ಸ್ಟಾಲ್ ಮಾಡಿ’ ಎಂದಷ್ಟೇ ಇತ್ತು, ಯಾವ ಆವೃತ್ತಿ ಎಂದಿರಲಿಲ್ಲ. ಅದನ್ನು ದಾಟಿದ ಮೇಲೆ ಪರೀಕ್ಷೆಗಳು ಒಂದರ ಹಿಂದೊಂದು ವಿಫಲವಾಗಿ ಕೆಂಪಾದವು. ಅವರು ವಿಂಡೋಸ್ ಬಳಸುತ್ತಿದ್ದರು; ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ಉಪಕರಣ ಆ ಕಡತಗಳನ್ನು ಇಳಿಸಿಕೊಳ್ಳುವಾಗ ಸಾಲಿನ ಕೊನೆಯ ಗುರುತುಗಳನ್ನು ಬದಲಾಯಿಸಿತ್ತು, ನಮ್ಮ ಪರೀಕ್ಷೆಗಳು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿದ್ದವು. ಅವರು ಮಾತ್ರ ‘ನನ್ನಿಂದಲೇ ಏನೋ ತಪ್ಪಾಗಿದೆ’ ಎಂದು ಮೂರು ಬಾರಿ ಹೇಳಿದರು. ಮೈಕ್ ಬಂದ್ ಮಾಡಿ ಕೂತಿದ್ದ ನಿರ್ವಾಹಕರಿಗೆ ಆ ಮಾತು ತುಂಬ ನಾಟಿತು.

ಕೊನೆಗೆ ನಾವು ಬರೆದದ್ದು ಎರಡು ಪುಟ. ಜೊತೆಗೆ, ಕಡತಗಳನ್ನು ಹೇಗೆ ಇಳಿಸಿಕೊಳ್ಳಬೇಕೆಂದು ಗಿಟ್‌ಗೆ ಹೇಳುವ ಗಿಟ್‌ಆಟ್ರಿಬ್ಯೂಟ್ಸ್ ಕಡತಕ್ಕೆ ಒಂದೇ ಸಾಲು ಸೇರಿಸಿದೆವು. ಆ ತೊಂದರೆಯನ್ನು ವಿವರಿಸುವ ಅಗತ್ಯವೇ ಉಳಿಯಲಿಲ್ಲ. ಬರೆಯುವುದಕ್ಕಿಂತ ಸರಿಪಡಿಸುವುದೇ ಸುಲಭವಾದದ್ದು ಎಷ್ಟೋ ಇರುತ್ತದೆ, ಹೀಗೆ ಕೂತು ನೋಡಿದಾಗಲೇ ಅದು ತಿಳಿಯುವುದು.

ಮೂಲಪ್ರತಿ

ಅಲ್ಪವಿರಾಮ ಅವರ ಅನುಭವ ಸರಿಯೇ, ಆದರೆ ಕಡತಗಳ ಪಟ್ಟಿಯನ್ನು ಪೂರ್ತಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಕಡತಗಳಿಗೆ ಹೆಸರೇ ಮುಖ್ಯ. ‘ಕಾಂಟ್ರಿಬ್ಯೂಟಿಂಗ್’ ಎಂಬ ಹೆಸರಿನ ಕಡತವನ್ನು ರೆಪೊಸಿಟರಿಯ (ಪ್ರಾಜೆಕ್ಟ್‌ನ ಕಡತಗಳೆಲ್ಲ ಇರುವ ಸಂಗ್ರಹದ) ಮೂಲದಲ್ಲೋ, ‘ಡಾಕ್ಸ್’ ಫೋಲ್ಡರಿನಲ್ಲೋ, ‘ಡಾಟ್ ಗಿಟ್‌ಹಬ್’ ಫೋಲ್ಡರಿನಲ್ಲೋ ಇಟ್ಟರೆ, ಯಾರಾದರೂ ಇಶ್ಯೂ (ದೋಷ ಅಥವಾ ಬೇಡಿಕೆ ತಿಳಿಸುವ ಬರಹ) ಅಥವಾ ಪುಲ್ ರಿಕ್ವೆಸ್ಟ್ ತೆರೆಯುವ ಹೊತ್ತಿಗೆ, ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್ ತಾನಾಗಿಯೇ ಅದರ ಕೊಂಡಿಯನ್ನು ತೋರಿಸುತ್ತದೆ. 2012ರಿಂದಲೂ ಈ ವ್ಯವಸ್ಥೆ ಇದೆ. ನೀವು ಎಷ್ಟೇ ಒಳ್ಳೆಯ ಕೈಪಿಡಿ ಬರೆದು ವಿಕಿಯ ಒಳಗೆಲ್ಲೋ ಇಟ್ಟರೆ, ಬೇಕಾದ ಗಳಿಗೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ವಿಷಯ. ಭದ್ರತಾ ದೋಷ ಸಿಕ್ಕವರು ಅದನ್ನು ಎಲ್ಲರಿಗೂ ಕಾಣುವ ಇಶ್ಯೂನಲ್ಲಿ ಬರೆಯದೆ ಗುಟ್ಟಾಗಿ ಯಾರಿಗೆ ತಿಳಿಸಬೇಕು ಎಂಬುದನ್ನು ಹೊಸಬರೊಬ್ಬರನ್ನು ಕೂರಿಸಿ ನೋಡಿ ಕಲಿಯಲಾಗುವುದಿಲ್ಲ. ಅದು ಮೊದಲ ದಿನವೇ ಇರಬೇಕು, ನಾಲ್ಕು ಸಾಲಾದರೂ ಸಾಕು. ನಿಮ್ಮ ಲೈಬ್ರರಿ ಹೊರಗಿನಿಂದ ಬಂದ ಬೈಟ್‌ಗಳನ್ನು ಓದುತ್ತದೆ, ಆದ್ದರಿಂದ ನಿಮಗಂತೂ ಇದು ಇನ್ನೂ ಮುಖ್ಯ.

ಹೊಸಹೆಜ್ಜೆ

ನಾನು ಆಚೆ ಬದಿಯಲ್ಲಿ ನಿಂತವಳು. ಮೊದಲ ತಿದ್ದುಪಡಿ ಕಳುಹಿಸಿ ಎರಡನೆಯದನ್ನು ಕಳುಹಿಸದವರಲ್ಲಿ ನಾನೂ ಒಬ್ಬಳು. ನಿಮ್ಮ ಪ್ರಾಜೆಕ್ಟ್‌ನಲ್ಲಲ್ಲ, ಬೇರೊಂದರಲ್ಲಿ.

ದಿನಾಂಕವನ್ನು ಓದುವ ಒಂದು ಫಂಕ್ಷನ್ ಖಾಲಿ ಸ್ಟ್ರಿಂಗ್ ಕೊಟ್ಟಾಗ ಕುಸಿದುಬೀಳುತ್ತಿತ್ತು. ಒಂದು ಸಾಲಿನ ತಿದ್ದುಪಡಿ, ಅದಕ್ಕೊಂದು ಪರೀಕ್ಷೆ. ಅದನ್ನು ಸಿದ್ಧಪಡಿಸಲು ನನಗೆ ಎರಡು ಸಂಜೆ ಬೇಕಾಯಿತು, ಕಳುಹಿಸುವ ಗುಂಡಿ ಒತ್ತುವ ಮುನ್ನ ಸಂದೇಶವನ್ನು ನಾಲ್ಕು ಬಾರಿ ತಿದ್ದಿ ಬರೆದೆ. ಆಮೇಲೆ ಮೂರು ವಾರ ಯಾವ ಸದ್ದೂ ಇಲ್ಲ. ನೆನಪಿಸಿದರೆ ಒರಟುತನವಾಗುತ್ತದೆಯೋ ಏನೋ ಎಂದು ಸುಮ್ಮನಿದ್ದೆ. ಒಂದು ದಿನ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಮ್) ಒಂದು ‘ಸೈನ್ಡ್-ಆಫ್-ಬೈ ಸಾಲು ಇಲ್ಲ’ ಎಂದು ಬರೆದು, ವಾರದ ನಂತರ ‘ಚಟುವಟಿಕೆ ಇಲ್ಲ’ ಎಂದು ಅದನ್ನು ಮುಚ್ಚಿಯೇಬಿಟ್ಟಿತು. ಆ ಸಾಲು ಎಂದರೇನು, ಏಕೆ ಬೇಕು ಎಂದು ಅವರ ಕೈಪಿಡಿಯಲ್ಲಿ ಎಲ್ಲೂ ಇರಲಿಲ್ಲ. ನನಗೆ ಬೇಕಿದ್ದದ್ದು ಒಂಬತ್ತು ಕಡತಗಳಲ್ಲ. ಎಷ್ಟು ದಿನ ಕಾಯಬೇಕು, ಕಾದ ಮೇಲೆ ಯಾರನ್ನು ಕೇಳಬಹುದು ಎಂಬ ಎರಡು ಸಾಲು ಇದ್ದಿದ್ದರೆ ಸಾಕಿತ್ತು.

ಇರುಳುಪಾಳಿ

ಹೊಸಹೆಜ್ಜೆ ಅವರೇ, ಆ ಸಾಲಿನ ಹಿನ್ನೆಲೆಯನ್ನು ಇಲ್ಲಿ ಹೇಳಿಬಿಡುತ್ತೇನೆ, ಬೇರೆಯವರಿಗೂ ಉಪಯೋಗವಾಗಬಹುದು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ 2004ರಲ್ಲಿ ಶುರುವಾದ ಪದ್ಧತಿ ಅದು. ‘ಈ ಕೋಡನ್ನು ನಾನೇ ಬರೆದಿದ್ದೇನೆ, ಅಥವಾ ಇದೇ ಲೈಸೆನ್ಸ್‌ನಡಿ ಕೊಡುವ ಹಕ್ಕು ನನಗಿದೆ’ ಎಂದು ಕಳುಹಿಸುವವರು ತಮ್ಮ ಹೆಸರು ಹಾಕಿ ದೃಢೀಕರಿಸುತ್ತಾರೆ. ಕಮಿಟ್ ಮಾಡುವಾಗ (ಬದಲಾವಣೆಯನ್ನು ದಾಖಲಿಸುವಾಗ) ಗಿಟ್‌ಗೆ ‘ಮೈನಸ್ ಎಸ್’ ಎಂಬ ಆಯ್ಕೆ ಕೊಟ್ಟರೆ ಅದೇ ಆ ಸಾಲನ್ನು ಸೇರಿಸುತ್ತದೆ. ಬೇರೆ ಕೆಲವು ಪ್ರಾಜೆಕ್ಟ್‌ಗಳು ಇದರ ಬದಲು ಕೊಡುಗೆದಾರರ ಒಪ್ಪಂದ ಪತ್ರಕ್ಕೆ ಸಹಿ ಕೇಳುತ್ತವೆ. ಯಾವುದನ್ನು ಕೇಳಿದರೂ ಅದನ್ನು ಏಕೆ ಕೇಳುತ್ತೇವೆ, ಹೇಗೆ ಮಾಡಬೇಕು ಎಂಬುದನ್ನು ಮೊದಲ ಪುಟದಲ್ಲೇ ಬರೆಯುವುದು ನಮ್ಮ ಕರ್ತವ್ಯ. ಬರೆಯದ ನಿಯಮದ ಹೆಸರಿನಲ್ಲಿ ಒಬ್ಬರ ಎರಡು ಸಂಜೆಯ ಶ್ರಮವನ್ನು ಬಾಟ್ ಕೈಯಲ್ಲಿ ಮುಚ್ಚಿಸಿದ್ದು ಅನ್ಯಾಯ.

ಕಡತಪಾಲಕ

ಹೊಸಹೆಜ್ಜೆ ಅವರ ಬರಹ ಓದಿ ನಾಚಿಕೆಯಾಯಿತು, ನಮ್ಮಲ್ಲೂ ಹೀಗೆಯೇ ನಡೆದಿರಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾವು ಮೂವರೂ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಈ ಕೆಲಸ ಮಾಡುವವರು. ‘ಇಷ್ಟು ದಿನದಲ್ಲಿ ನೋಡುತ್ತೇವೆ’ ಎಂದು ಬರೆದು ಅದನ್ನು ಉಳಿಸಿಕೊಳ್ಳಲಾಗದಿದ್ದರೆ, ಬರೆಯದಿರುವುದಕ್ಕಿಂತ ಕೆಟ್ಟದಾಗುವುದಿಲ್ಲವೇ?

ಇರುಳುಪಾಳಿ

ಅದೇ ಭಯ ನಮಗೂ ಇತ್ತು. ನಾವು ಇಬ್ಬರೇ ನಿರ್ವಾಹಕರು, ಹಗಲು ಬೇರೆ ಕೆಲಸವಿದೆ. ಕೊನೆಗೆ ನಾವು ಬರೆದದ್ದು ಹೀಗಿದೆ: ‘ಹದಿನಾಲ್ಕು ದಿನಗಳೊಳಗೆ ನಮ್ಮಲ್ಲೊಬ್ಬರು ನಿಮ್ಮ ತಿದ್ದುಪಡಿಯನ್ನು ನೋಡಿ ಒಂದು ಸಾಲಾದರೂ ಬರೆಯುತ್ತೇವೆ. ಪೂರ್ತಿ ಪರಿಶೀಲನೆಗೆ ಇನ್ನೂ ಹೆಚ್ಚು ಸಮಯ ಹಿಡಿಯಬಹುದು. ಹದಿನಾಲ್ಕು ದಿನ ಕಳೆದರೂ ಉತ್ತರ ಬರದಿದ್ದರೆ ದಯವಿಟ್ಟು ಅದೇ ಜಾಗದಲ್ಲಿ ನೆನಪಿಸಿ. ನೆನಪಿಸಿದವರಿಗೆ ನಾವು ಕೃತಜ್ಞರು.’

ಕೊನೆಯ ವಾಕ್ಯವನ್ನು ಬರೆದ ಮೇಲೆಯೇ ಜನ ನೆನಪಿಸಲು ಶುರುಮಾಡಿದರು. ಮರ್ಜ್ ಮಾಡುತ್ತೇವೆಂದು (ಕೋಡಿಗೆ ಸೇರಿಸಿಕೊಳ್ಳುತ್ತೇವೆಂದು) ನಾವು ಎಲ್ಲೂ ಮಾತು ಕೊಟ್ಟಿಲ್ಲ, ಉತ್ತರಿಸುತ್ತೇವೆಂದಷ್ಟೇ ಕೊಟ್ಟಿದ್ದೇವೆ. ‘ಈ ತಿಂಗಳು ನನಗೆ ಬಿಡುವಿಲ್ಲ, ಮುಂದಿನ ತಿಂಗಳ ಮೊದಲ ವಾರದಲ್ಲಿ ನೋಡುತ್ತೇನೆ’ ಎಂಬುದೂ ಉತ್ತರವೇ. ನಿಮ್ಮ ಕೈಲಾಗುವ ಅವಧಿ ಮೂವತ್ತು ದಿನವಾದರೆ ಮೂವತ್ತು ಎಂದೇ ಬರೆಯಿರಿ.

ತಿರುಗುಬಾಣ

ಇಲ್ಲಿ ನನ್ನದು ಭಿನ್ನಾಭಿಪ್ರಾಯ. ಇದು ಬರೀ ಬರಹದ ಸಮಸ್ಯೆಯಲ್ಲ, ಆಳುಗಳ ಕೊರತೆಯ ಸಮಸ್ಯೆ. ಎಷ್ಟೇ ಚೆಂದ ಬರೆದರೂ ನೋಡುವ ಕಣ್ಣುಗಳು ಆರೇ. ಹೊಸಬರನ್ನು ಕರೆದು, ಅವರು ಕಳುಹಿಸಿದ್ದನ್ನು ನೋಡಲು ಜನರಿಲ್ಲದಿದ್ದರೆ ಕರೆಯದಿರುವುದೇ ಪ್ರಾಮಾಣಿಕತೆ. ‘ಈಗ ಹೊಸ ವೈಶಿಷ್ಟ್ಯಗಳನ್ನು ಸ್ವೀಕರಿಸುತ್ತಿಲ್ಲ, ದೋಷ ಪರಿಹಾರಗಳಿಗೆ ಮಾತ್ರ ಸ್ವಾಗತ’ ಎಂದು ದಪ್ಪಕ್ಷರದಲ್ಲಿ ಬರೆದ ಪ್ರಾಜೆಕ್ಟ್‌ಗಳನ್ನು ಕಂಡರೆ ನನಗೆ ಗೌರವ. ನಿಮ್ಮ ಯೋಜನೆಯಲ್ಲಿ ‘ನಮಗೆ ಏನು ಬೇಡ’ ಎಂಬ ಭಾಗ ಕಾಣಲಿಲ್ಲ.

ಅಲ್ಪವಿರಾಮ

ತಿರುಗುಬಾಣ ಅವರೇ, ‘ಏನು ಬೇಡ’ ಎಂಬ ಭಾಗ ಬೇಕೆಂಬುದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆಳುಗಳ ಕೊರತೆಗೂ ಬರಹಕ್ಕೂ ಸಂಬಂಧವಿಲ್ಲವೆಂಬುದನ್ನು ಒಪ್ಪಲಾರೆ. ಪರಿಶೀಲಿಸುವುದು ಹೇಗೆಂದು ಎಲ್ಲೂ ಬರೆದಿಲ್ಲವಾದ್ದರಿಂದಲೇ ಎಷ್ಟೋ ಕಡೆ ಪರಿಶೀಲಕರು ಹುಟ್ಟುವುದಿಲ್ಲ. ನಿರ್ವಾಹಕರು ಒಂದು ತಿದ್ದುಪಡಿಯಲ್ಲಿ ಏನೇನು ನೋಡುತ್ತಾರೆ, ಯಾವುದಕ್ಕೆ ಹಿಂದಕ್ಕೆ ಕಳುಹಿಸುತ್ತಾರೆ, ಯಾವುದನ್ನು ಹೋಗಲಿ ಎಂದು ಬಿಡುತ್ತಾರೆ ಎಂಬುದು ಅವರ ತಲೆಯೊಳಗೇ ಇರುತ್ತದೆ. ಅದನ್ನು ಹೊರತೆಗೆದು ಒಂದು ಪುಟ ಬರೆದರೆ ನಾಲ್ಕನೆಯ ಪರಿಶೀಲಕರು ಬರಲು ದಾರಿಯಾಗುತ್ತದೆ.

ಮೂಲಪ್ರತಿ

ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ 93% ಮಂದಿ ಅಪೂರ್ಣವಾದ ಅಥವಾ ಹಳತಾದ ದಾಖಲೆಗಳ ತೊಂದರೆಯನ್ನು ಕಂಡಿದ್ದಾಗಿ ಹೇಳಿದರು. ಅದೇ ಸಮೀಕ್ಷೆಯಲ್ಲಿ 60% ಕೊಡುಗೆದಾರರು ತಾವು ದಾಖಲೆಗಳಿಗೆ ಅಪರೂಪಕ್ಕೆ ಕೆಲಸ ಮಾಡುವುದಾಗಿ ಅಥವಾ ಮಾಡುವುದೇ ಇಲ್ಲವೆಂದು ಒಪ್ಪಿಕೊಂಡರು. ತೊಂದರೆ ಎಲ್ಲರಿಗೂ ಗೊತ್ತು, ಕೈಹಚ್ಚುವವರು ಕಡಿಮೆ. ಬರಹ ತಿದ್ದಿದವರ ಹೆಸರನ್ನೂ ಕೋಡ್ ಬರೆದವರ ಹೆಸರಿನ ಪಕ್ಕದಲ್ಲೇ ಬಿಡುಗಡೆಯ ಟಿಪ್ಪಣಿಯಲ್ಲಿ ಹಾಕುತ್ತೇವೆಂದು ನಿಮ್ಮ ಮಾರ್ಗದರ್ಶಿಯಲ್ಲಿ ಬರೆಯಿರಿ, ಹಾಕಿ.

ಹೊಸಹೆಜ್ಜೆ

ಅದೇ ಸಮೀಕ್ಷೆಯಲ್ಲಿ ಸುಮಾರು ಕಾಲುಭಾಗ ಮಂದಿ ತಮಗೆ ಇಂಗ್ಲಿಷ್ ಓದುವುದು ಬರೆಯುವುದು ‘ತುಂಬ ಚೆನ್ನಾಗಿ’ ಬರುವುದಿಲ್ಲವೆಂದಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ. ಅನುವಾದಕರ ಕೈಪಿಡಿಯ ಮಾತು ಆಮೇಲೆ. ಮೊದಲು ಮೂಲ ಬರಹದ ವಾಕ್ಯಗಳೇ ಸರಳವಾಗಿರಲಿ.

ಕವಲುದಾರಿ

ನಡತೆಯ ನಿಯಮಗಳ ಬಗ್ಗೆ ಯಾರೂ ಮಾತೆತ್ತಿಲ್ಲವಾದ್ದರಿಂದ ನಾನು ಎತ್ತುತ್ತೇನೆ. 2014ರಲ್ಲಿ ಬಂದ ಕಾಂಟ್ರಿಬ್ಯೂಟರ್ ಕವೆನೆಂಟ್ ಎಂಬ ಸಿದ್ಧ ನಿಯಮಾವಳಿಯನ್ನು ಬಹಳಷ್ಟು ಪ್ರಾಜೆಕ್ಟ್‌ಗಳು ಬಳಸುತ್ತವೆ, ಲಿನಕ್ಸ್ ಕರ್ನಲ್ ಕೂಡ 2018ರಲ್ಲಿ ಅದನ್ನು ಆಧರಿಸಿದ ನಿಯಮಗಳನ್ನು ಒಪ್ಪಿಕೊಂಡಿತು. ಅದನ್ನು ತಂದಿಡಲು ಐದು ನಿಮಿಷ ಸಾಕು, ತೊಡಕಿರುವುದೂ ಅಲ್ಲೇ. ಅದರಲ್ಲಿ ದೂರು ಕೊಡುವ ವಿಳಾಸವನ್ನು ತುಂಬಬೇಕಾದ ಖಾಲಿ ಜಾಗವೊಂದಿದೆ. ಆ ಜಾಗವನ್ನು ತುಂಬದೆ ಹಾಗೇ ಬಿಟ್ಟಿರುವ ರೆಪೊಸಿಟರಿಗಳನ್ನು ನಾನೇ ಕಂಡಿದ್ದೇನೆ. ತೊಂದರೆಗೊಳಗಾದ ವ್ಯಕ್ತಿ ಕೊನೆಯ ಆಸರೆಯೆಂದು ಆ ಪುಟ ತೆರೆದಾಗ ಅಲ್ಲಿ ‘ಇಲ್ಲಿ ನಿಮ್ಮ ಸಂಪರ್ಕವನ್ನು ಸೇರಿಸಿ’ ಎಂದು ಕಂಡರೆ ಏನನ್ನಿಸಬೇಕು?

ನಿಮ್ಮಲ್ಲಿ ಮೂವರೇ ಇದ್ದೀರಿ. ದೂರು ಮೂವರಲ್ಲೊಬ್ಬರ ಮೇಲೆಯೇ ಇದ್ದರೆ ಅದನ್ನು ಯಾರು ಓದುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿ. ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಂಥ ದೊಡ್ಡ ಸಮುದಾಯದಲ್ಲೇ 2021ರ ನವೆಂಬರ್‌ನಲ್ಲಿ ನಡತೆಯ ದೂರುಗಳನ್ನು ನೋಡುವ ಮಾಡರೇಶನ್ ತಂಡದವರು ಒಟ್ಟಾಗಿ ರಾಜೀನಾಮೆ ಕೊಟ್ಟರು; ಪ್ರಾಜೆಕ್ಟನ್ನು ಮುನ್ನಡೆಸುತ್ತಿದ್ದ ಕೋರ್ ತಂಡ ತನ್ನನ್ನು ಯಾರ ಹೊಣೆಗೂ ಒಳಪಡಿಸಿಕೊಂಡಿಲ್ಲ ಎಂಬುದು ಅವರು ಕೊಟ್ಟ ಕಾರಣ. ನಿಯಮ ಬರೆದಿದ್ದರೂ ಅದು ಯಾರ ಮೇಲೆ, ಯಾರ ಮೂಲಕ ಜಾರಿಯಾಗುತ್ತದೆ ಎಂಬುದು ಸ್ಪಷ್ಟವಿರದಿದ್ದರೆ ಆಗುವುದು ಇದೇ.

ತಿರುಗುಬಾಣ

ಮೂವರ ಪ್ರಾಜೆಕ್ಟ್‌ಗೆ ಇಷ್ಟೆಲ್ಲ ಬೇಕೇ? ಆಡಳಿತ ಕ್ರಮದ ಕಡತವಂತೂ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಕುಬರ್ನೆಟಿಸ್ ಎಂಬ ದೊಡ್ಡ ಓಪನ್ ಸೋರ್ಸ್ ಪ್ರಾಜೆಕ್ಟ್‌ನಲ್ಲಿ ಸದಸ್ಯ, ಪರಿಶೀಲಕ, ಅನುಮೋದಕ ಎಂದು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೂ ಏನು ಮಾಡಿರಬೇಕು, ಯಾರು ಶಿಫಾರಸು ಮಾಡಬೇಕು ಎಂದು ಬರೆದಿದ್ದಾರೆ. ಸಾವಿರಾರು ಜನರಿರುವ ಕಡೆ ಅದು ಸರಿ. ಇಲ್ಲಿ ಅದನ್ನು ನಕಲು ಮಾಡಿದರೆ ಖಾಲಿ ಮೆಟ್ಟಿಲುಗಳೇ ಉಳಿಯುತ್ತವೆ.

ಕವಲುದಾರಿ

ಮೆಟ್ಟಿಲುಗಳು ಬೇಡ, ಒಪ್ಪಿದೆ. ಆದರೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು: ಇಬ್ಬರು ಒಪ್ಪದಿದ್ದಾಗ ಯಾರ ಮಾತು ನಡೆಯುತ್ತದೆ, ಹೊಸ ನಿರ್ವಾಹಕರು ಹೇಗೆ ಬರುತ್ತಾರೆ, ಇರುವವರು ಹೊರಟುಹೋದರೆ ಏನು ಮಾಡುವುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸೃಷ್ಟಿಕರ್ತ ಗೈಡೊ ವಾನ್ ರೋಸಮ್ 2018ರ ಜುಲೈನಲ್ಲಿ ನಿರ್ಣಯದ ಹೊಣೆಯಿಂದ ಹಿಂದೆ ಸರಿದಾಗ, ಮುಂದೆ ಯಾರು ನಿರ್ಣಯಿಸಬೇಕೆಂಬುದನ್ನು ಗೊತ್ತುಮಾಡಲು ಆ ವರ್ಷದ ಡಿಸೆಂಬರ್‌ವರೆಗೆ ಚರ್ಚೆ, ಮತದಾನ ಎಲ್ಲ ನಡೆಸಬೇಕಾಯಿತು. ಕೊನೆಗೆ ಐವರ ಸ್ಟೀರಿಂಗ್ ಕೌನ್ಸಿಲ್ ಎಂದಾಯಿತು. ಅಷ್ಟು ಹಳೆಯ, ಅಷ್ಟು ಜನಬಲವಿದ್ದ ಸಮುದಾಯಕ್ಕೇ ಐದು ತಿಂಗಳು ಬೇಕಾಯಿತು. ಮೂವರ ಪ್ರಾಜೆಕ್ಟ್‌ನಲ್ಲಿ ಒಬ್ಬರು ಹೋದರೆ ಮೂರರಲ್ಲೊಂದು ಪಾಲು ಹೋದಂತೆ, ಹಾಗಾಗಿ ನಿಮಗೇ ಇದು ಹೆಚ್ಚು ಬೇಕು.

ಇರುಳುಪಾಳಿ

ಹೊಸ ನಿರ್ವಾಹಕರು ಹೇಗೆ ಬರುತ್ತಾರೆ ಎಂಬ ಪ್ರಶ್ನೆಯ ಬಗ್ಗೆ ನನ್ನದೊಂದು ಎಚ್ಚರಿಕೆಯ ಮಾತು. ಕಡತ ಕುಗ್ಗಿಸುವ ಎಕ್ಸ್‌ಜೆಡ್ ಯುಟಿಲ್ಸ್ ಎಂಬ ತಂತ್ರಾಂಶದಲ್ಲಿ ಆದದ್ದು ಎಲ್ಲರಿಗೂ ನೆನಪಿರಬೇಕು. ಒಬ್ಬರೇ ದಣಿದು ನಡೆಸುತ್ತಿದ್ದ ಪ್ರಾಜೆಕ್ಟ್‌ಗೆ ಒಂದು ಖಾತೆ ವರ್ಷಗಳ ಕಾಲ ಉಪಯುಕ್ತ ಕೊಡುಗೆಗಳನ್ನೇ ಕೊಟ್ಟು, ನಂಬಿಕೆ ಗಳಿಸಿ, ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆದು, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಅದನ್ನು ಬಯಲಿಗೆಳೆದದ್ದು, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರುವ ವಿಧಾನ) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಅವರು ಬೆನ್ನುಹತ್ತಿದ್ದರಿಂದ. ಜೊತೆಗೆ, ‘ಕೆಲಸ ನಿಧಾನವಾಗಿದೆ, ಬೇರೆಯವರಿಗೆ ಅಧಿಕಾರ ಕೊಡಿ’ ಎಂದು ಆ ಒಂಟಿ ನಿರ್ವಾಹಕರ ಮೇಲೆ ಬೇರೆ ಬೇರೆ ಹೆಸರುಗಳಿಂದ ಒತ್ತಡ ಹಾಕಲಾಗಿತ್ತು.

ಇದರಿಂದ ಹೊಸಬರನ್ನು ನಂಬಬಾರದೆಂಬ ಪಾಠ ಕಲಿತರೆ ತಪ್ಪಾಗುತ್ತದೆ. ನನ್ನ ಪ್ರಕಾರ ಮಾಡಬೇಕಾದದ್ದು ಇಷ್ಟು: ಬಿಡುಗಡೆಯ ಪ್ರತಿಯೊಂದು ಹೆಜ್ಜೆಯೂ ಬರಹದಲ್ಲಿರಬೇಕು, ಇಬ್ಬರು ನೋಡದೆ ಬಿಡುಗಡೆಯಾಗಬಾರದು, ಬಿಡುಗಡೆಯ ಯಾವ ಡಿಜಿಟಲ್ ಕೀಲಿ ಯಾರ ಬಳಿ ಇದೆ ಎಂಬುದು ಎಲ್ಲ ನಿರ್ವಾಹಕರಿಗೂ ಗೊತ್ತಿರಬೇಕು. ಕಡತಪಾಲಕರ ಪಟ್ಟಿಯಲ್ಲಿ ‘ಬಿಡುಗಡೆಯ ವಿಧಾನ’ ಏಳನೆಯ ಸ್ಥಾನದಲ್ಲಿದೆ, ಅದನ್ನು ಮೂರನೆಯದಕ್ಕೆ ತನ್ನಿ.

ಕಡತಪಾಲಕ

ಒಪ್ಪಿದೆ. ನಿಜ ಹೇಳಬೇಕೆಂದರೆ ಬಿಡುಗಡೆಯ ಕೀಲಿ ಈಗ ಒಬ್ಬರ ಬಳಿ ಮಾತ್ರ ಇದೆ. ಇವತ್ತೇ ಉಳಿದಿಬ್ಬರೊಂದಿಗೆ ಮಾತಾಡುತ್ತೇನೆ.

ಇನ್ನು ಎಲ್ಲಿಡಬೇಕು, ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗಳು. ವಿಕಿಯಾದರೆ ಯಾರು ಬೇಕಾದರೂ ತಿದ್ದಬಹುದೆಂಬುದು ನನ್ನ ಸಹನಿರ್ವಾಹಕರ ವಾದ.

ಮೂಲಪ್ರತಿ

ರೆಪೊಸಿಟರಿಯೊಳಗೇ ಇಡಿ. ಕೋಡ್ ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲೇ ಕೈಪಿಡಿಯೂ ಬದಲಾಗಬೇಕು, ಬದಲಾಗಿಲ್ಲವಾದರೆ ಪರಿಶೀಲಕರು ಅಲ್ಲೇ ಕೇಳಬೇಕು. ವಿಕಿ ಬೇರೆ ಮನೆಯಾದ್ದರಿಂದ ಅಲ್ಲಿಗೆ ಹೋಗುವುದನ್ನು ಎಲ್ಲರೂ ಮರೆಯುತ್ತಾರೆ.

ಗೆರೆಮನೆ

ಮೂಲಪ್ರತಿ ಅವರ ಮಾತಿಗೆ ಅರ್ಧ ಮಾತ್ರ ಒಪ್ಪಿಗೆ. ಕಾಗುಣಿತ ತಿದ್ದಲು ಬಂದ ವ್ಯಕ್ತಿ ಫೋರ್ಕ್ (ತನ್ನದೇ ಪ್ರತಿ), ಬ್ರಾಂಚ್ (ಬದಲಾವಣೆಯ ಕವಲು), ಕಮಿಟ್ ಎಲ್ಲ ಕಲಿಯಬೇಕೆಂದರೆ ಅವರು ಬಾಗಿಲಲ್ಲೇ ವಾಪಸಾಗುತ್ತಾರೆ. ನಾನು ಕೋಡ್ ಬರೆಯುವವನಲ್ಲ, ಚಿತ್ರ ಬಿಡಿಸುವವನು. ಐಕಾನ್ ಕೊಡಲು ಹೋದಾಗಲೆಲ್ಲ ಮೊದಲ ಅರ್ಧ ಪುಟ ‘ಕಂಪೈಲ್ ಮಾಡಿ’ ಎಂದೇ ಇರುತ್ತದೆ. ಕೊಡುಗೆ ಎಂದರೆ ಕೋಡ್ ಮಾತ್ರವೆಂದು ಆ ಪುಟಗಳು ಮೊದಲ ಸಾಲಿನಲ್ಲೇ ತೀರ್ಮಾನಿಸಿಬಿಟ್ಟಿರುತ್ತವೆ.

ಮೂಲಪ್ರತಿ

ಗೆರೆಮನೆ ಅವರೇ, ಬ್ರೌಸರ್‌ನಲ್ಲೇ ಕಡತ ತೆರೆದು ತಿದ್ದಿ ಕಳುಹಿಸುವ ಸೌಲಭ್ಯ ಇದೆ. ಫೋರ್ಕ್ ಮಾಡುವ ಕೆಲಸವನ್ನು ಗಿಟ್‌ಹಬ್ ತಾನೇ ಮಾಡುತ್ತದೆ. ಪ್ರತಿ ಪುಟದ ಮೇಲೆ ‘ಈ ಪುಟವನ್ನು ತಿದ್ದಿ’ ಎಂಬ ಕೊಂಡಿ ಹಾಕಿದರೆ ನೀವು ಹೇಳಿದ ಅಡ್ಡಿ ಬಹುಪಾಲು ಹೋಗುತ್ತದೆ. ಆದರೆ ಕೋಡ್ ಬರೆಯದವರಿಗೆ ಬೇರೆಯೇ ಬಾಗಿಲು ಬೇಕೆಂಬ ಮಾತು ಸರಿ, ಅದನ್ನು ನಾನು ಯೋಚಿಸಿರಲಿಲ್ಲ.

ಅಲ್ಪವಿರಾಮ

ಹಳತಾಗುವುದರ ಬಗ್ಗೆ ಎರಡು ನಿದರ್ಶನ ಕೊಡುತ್ತೇನೆ. 2020ರ ಅಕ್ಟೋಬರ್‌ನಿಂದ ಗಿಟ್‌ಹಬ್‌ನಲ್ಲಿ ಹೊಸ ರೆಪೊಸಿಟರಿಗಳ ಮೊದಲ ಬ್ರಾಂಚಿನ ಹೆಸರು ‘ಮಾಸ್ಟರ್’ ಬದಲು ‘ಮೇನ್’ ಆಯಿತು. ಹಳೆಯ ಪ್ರಾಜೆಕ್ಟ್‌ಗಳೂ ಹಲವು ಹೆಸರು ಬದಲಿಸಿಕೊಂಡವು, ಅವುಗಳ ಕೈಪಿಡಿಯಲ್ಲಿದ್ದ ಆಜ್ಞೆಗಳು ಮಾತ್ರ ಹಾಗೇ ಉಳಿದವು. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಚಾಟ್ ಜಾಲವನ್ನು ಬಿಟ್ಟು ಎಷ್ಟೋ ಸಮುದಾಯಗಳು ಲಿಬೆರಾ ಚಾಟ್‌ಗೆ ಹೋದವು. ‘ಸಂದೇಹವಿದ್ದರೆ ಫ್ರೀನೋಡ್‌ನಲ್ಲಿ ಕೇಳಿ’ ಎಂಬ ಸಾಲು ಅದಾದ ಬಹಳ ದಿನಗಳ ನಂತರವೂ ನನ್ನ ಕಣ್ಣಿಗೆ ಬಿದ್ದಿದೆ. ಅದನ್ನು ನಂಬಿ ಹೋದವರಿಗೆ ಸಿಗುವುದು ಖಾಲಿ ಕೋಣೆ.

ಇದಕ್ಕೆ ನಾವು ಮಾಡಿದ್ದು ಎರಡು ಕೆಲಸ. ಪರಿಸರ ಸಿದ್ಧಪಡಿಸುವ ಪುಟದಲ್ಲಿರುವ ಆಜ್ಞೆಗಳನ್ನು ಒಂದು ಸ್ಕ್ರಿಪ್ಟ್‌ನಲ್ಲಿಟ್ಟು, ಪುಟವು ಆ ಸ್ಕ್ರಿಪ್ಟನ್ನೇ ತೋರಿಸುವಂತೆ ಮಾಡಿ, ವಾರಕ್ಕೊಮ್ಮೆ ಖಾಲಿ ಕಂಟೇನರ್‌ನಲ್ಲಿ (ಹೊಸ ಯಂತ್ರದಂಥ ಪ್ರತ್ಯೇಕ ಪರಿಸರದಲ್ಲಿ) ಅದು ತಾನಾಗಿ ಓಡುವಂತೆ ಸಿಐಗೆ (ಪರೀಕ್ಷೆಗಳನ್ನು ತಾನಾಗಿ ನಡೆಸುವ ವ್ಯವಸ್ಥೆಗೆ) ಸೇರಿಸಿದೆವು. ಮುರಿದರೆ ಹೊಸಬರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಎರಡನೆಯದು, ಪ್ರತಿ ಪುಟದ ತಲೆಯಲ್ಲಿ ಅದನ್ನು ನೋಡಿಕೊಳ್ಳುವವರ ಹೆಸರು ಮತ್ತು ಕೊನೆಯದಾಗಿ ಓದಿ ಖಚಿತಪಡಿಸಿಕೊಂಡ ದಿನ. ‘ತಂಡ ನೋಡಿಕೊಳ್ಳುತ್ತದೆ’ ಎಂದು ಬರೆದ ಪುಟವನ್ನು ಯಾರೂ ನೋಡಿಕೊಳ್ಳುವುದಿಲ್ಲವೆಂದು ನಾನು ಕಷ್ಟಪಟ್ಟು ಕಲಿತೆ.

ಬರಹದ ಬಗೆಗಳನ್ನು ಬೆರೆಸಬೇಡಿ ಎಂಬುದನ್ನೂ ಇಲ್ಲೇ ಹೇಳುತ್ತೇನೆ. ಡಯಾಟಾಕ್ಸಿಸ್ ಎಂಬ ಪದ್ಧತಿಯಲ್ಲಿ ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸ ಮಾಡುವ ವಿಧಾನ, ನೋಡಿ ತಿಳಿಯುವ ಆಕರ, ಹಿನ್ನೆಲೆಯ ವಿವರಣೆ ಎಂದು ನಾಲ್ಕು ಬಗೆ ಮಾಡುತ್ತಾರೆ. ಮೊದಲ ಪುಲ್ ರಿಕ್ವೆಸ್ಟ್ ಕಳುಹಿಸುವ ಪಾಠದ ನಡುವೆ ‘ನಾವು ಈ ಪಾರ್ಸರನ್ನು ಏಕೆ ಆರಿಸಿದೆವು’ ಎಂಬ ಮೂರು ಪ್ಯಾರಾ ಬಂದರೆ ಓದುವವರ ಕೈ ಅಲ್ಲೇ ನಿಲ್ಲುತ್ತದೆ. ಆ ಮೂರು ಪ್ಯಾರಾ ಬೇಕು, ಬೇರೆ ಪುಟದಲ್ಲಿ.

ತಿರುಗುಬಾಣ

‘ಏನು ಬೇಡ’ ಎಂಬುದಕ್ಕೆ ಮರಳುತ್ತೇನೆ. ಓಪನ್ ಸೋರ್ಸ್ ಕೊಡುಗೆ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಹಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ, 2020ರಲ್ಲಿ, ಆ ಟೀ ಶರ್ಟ್ ಆಸೆಗೆ ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಕಡತದಲ್ಲಿ) ಒಂದು ಪದ ಸೇರಿಸುವ ಪುಲ್ ರಿಕ್ವೆಸ್ಟ್‌ಗಳ ಮಳೆಯೇ ಸುರಿದು, ಭಾಗವಹಿಸಲು ಪ್ರಾಜೆಕ್ಟ್‌ಗಳೇ ಮುಂಚಿತವಾಗಿ ಒಪ್ಪಿಗೆ ಸೂಚಿಸಬೇಕೆಂದು ಆಯೋಜಕರು ನಿಯಮ ಬದಲಿಸಬೇಕಾಯಿತು. ಈಗ ಯಂತ್ರ ಬರೆದ ಕೋಡನ್ನು ಓದದೆಯೇ ಕಳುಹಿಸುವವರಿದ್ದಾರೆ. ಜೆಂಟೂ ಎಂಬ ಲಿನಕ್ಸ್ ಆವೃತ್ತಿಯ ಪ್ರಾಜೆಕ್ಟ್ 2024ರ ಏಪ್ರಿಲ್‌ನಲ್ಲಿ ಎಐ ಉಪಕರಣಗಳಿಂದ ಬರೆಸಿದ ಕೊಡುಗೆಗಳನ್ನೇ ನಿಷೇಧಿಸಿತು. ನೀವು ನಿಷೇಧಿಸುತ್ತೀರೋ ಬಿಡುತ್ತೀರೋ ನಿಮ್ಮ ಇಷ್ಟ, ಆದರೆ ನಿಲುವು ಏನೆಂದು ಬರೆದಿಡಿ. ಪ್ರತಿ ಬಾರಿ ಹೊಸದಾಗಿ ವಾದ ಮಾಡುವುದು ನಿರ್ವಾಹಕರನ್ನು ಹಣ್ಣು ಮಾಡುತ್ತದೆ.

ಹೊಸಹೆಜ್ಜೆ

ನಿಯಮ ಬಿಗಿ ಮಾಡುವಾಗ ನಿಜವಾಗಿ ಕಲಿಯಲು ಬಂದವರೂ ಅದರಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ ಎಂಬುದು ನನ್ನ ಕೋರಿಕೆ. ‘ಗುಡ್ ಫಸ್ಟ್ ಇಶ್ಯೂ’ (ಹೊಸಬರ ಮೊದಲ ಕೆಲಸಕ್ಕೆ ತಕ್ಕದ್ದು) ಎಂಬ ಗುರುತು ಅಂಟಿಸಿದ ಇಶ್ಯೂಗಳಲ್ಲಿ ಎಷ್ಟೋ ಬಾರಿ ಒಂದೇ ಸಾಲು ಇರುತ್ತದೆ, ಬರೆದವರಿಗಷ್ಟೇ ಅರ್ಥವಾಗುವಂಥದ್ದು. ಯಾವ ಕಡತದಲ್ಲಿ ಹುಡುಕಬೇಕು, ಸರಿಯಾದಾಗ ಏನು ಕಾಣಬೇಕು, ಸಿಕ್ಕಿಬಿದ್ದರೆ ಯಾರು ಉತ್ತರಿಸುತ್ತಾರೆ ಎಂಬ ಮೂರನ್ನು ಬರೆಯದ ಇಶ್ಯೂಗೆ ಆ ಗುರುತು ಅಂಟಿಸುವುದಿಲ್ಲವೆಂದು ನೀವು ನಿರ್ವಾಹಕರಿಗೂ ಒಂದು ನಿಯಮ ಮಾಡಿಕೊಳ್ಳಬಹುದೇ?

ಇರುಳುಪಾಳಿ

ಈ ನಿಯಮವನ್ನು ನಮ್ಮ ಪ್ರಾಜೆಕ್ಟ್‌ಗೆ ಇವತ್ತೇ ಸೇರಿಸುತ್ತಿದ್ದೇನೆ. ಧನ್ಯವಾದ.

ಕಡತಪಾಲಕ

ಎಲ್ಲರ ಮಾತನ್ನೂ ಉಳಿದಿಬ್ಬರು ನಿರ್ವಾಹಕರ ಮುಂದಿಟ್ಟು ಎರಡು ಗಂಟೆ ಚರ್ಚಿಸಿದೆವು. ಒಂಬತ್ತರ ಪಟ್ಟಿಯನ್ನು ಕೈಬಿಟ್ಟಿದ್ದೇವೆ. ಮುಂದಿನ ಬಿಡುಗಡೆಗೆ ಮುನ್ನ ನಾಲ್ಕನ್ನು ಮಾತ್ರ ಬರೆಯುತ್ತೇವೆ. ಭದ್ರತಾ ದೋಷ ತಿಳಿಸುವ ವಿಳಾಸವನ್ನು ಇವತ್ತು ಸಂಜೆಯೇ ಹಾಕಿದೆವು. ಬಿಡುಗಡೆಯ ವಿಧಾನವನ್ನು ಈಗ ಕೀಲಿ ಹಿಡಿದಿರುವವರು ಬರೆಯುತ್ತಾರೆ, ಅದನ್ನು ನೋಡಿಕೊಂಡು ಮುಂದಿನ ಬಿಡುಗಡೆಯನ್ನು ಮಾಡುವವನು ನಾನು. ಬರಹದಲ್ಲಿ ಏನು ಬಿಟ್ಟುಹೋಗಿದೆಯೆಂದು ಆಗಲೇ ತಿಳಿಯುತ್ತದೆ. ಮೂರನೆಯದು ಕೊಡುಗೆಯ ಮಾರ್ಗದರ್ಶಿ. ಅದರ ಮೊದಲ ಪ್ಯಾರಾದಲ್ಲೇ ಇಪ್ಪತ್ತೊಂದು ದಿನಗಳೊಳಗೆ ಉತ್ತರಿಸುವ ಮಾತು, ನೆನಪಿಸಿ ಎಂಬ ಕೋರಿಕೆ, ನಮಗೆ ಏನು ಬೇಡವೆಂಬ ವಿವರ, ಕೋಡ್ ಬರೆಯದವರಿಗೆ ಬೇರೆ ದಾರಿ ಇರುತ್ತವೆ. ನಾಲ್ಕನೆಯದು ನಡತೆಯ ನಿಯಮಗಳು. ದೂರು ಓದಲು ನಮ್ಮ ಮೂವರ ಹೊರಗಿನ ಒಬ್ಬರನ್ನು ಕೇಳಿಕೊಂಡಿದ್ದೇವೆ. ಅವರು ಒಪ್ಪುವವರೆಗೆ ಆ ಕಡತವನ್ನು ಪ್ರಕಟಿಸುವುದಿಲ್ಲ. ಆಡಳಿತ ಕ್ರಮದ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಕವಲುದಾರಿ ಅವರ ಮೂರು ಪ್ರಶ್ನೆಗಳನ್ನು ಇಶ್ಯೂ ಆಗಿ ತೆರೆದಿದ್ದೇವೆ, ಚರ್ಚೆ ಅಲ್ಲಿ ನಡೆಯಲಿ.

ಮಾರ್ಗದರ್ಶಿಯನ್ನು ಬರೆಯುವ ಮುನ್ನ ಅಲ್ಪವಿರಾಮ ಅವರು ಹೇಳಿದಂತೆ ಹೊಸಬರೊಬ್ಬರನ್ನು ಕೂರಿಸಿ ನೋಡಬೇಕೆಂದಿದ್ದೇವೆ. ಯಾರಾದರೂ ಒಪ್ಪುತ್ತೀರಾ?

ಹೊಸಹೆಜ್ಜೆ

ನಾನು ಬರುತ್ತೇನೆ. ನಿಮ್ಮ ಲೈಬ್ರರಿಯ ಹೆಸರನ್ನೂ ಈವರೆಗೆ ಕೇಳಿಲ್ಲ, ನನ್ನದು ವಿಂಡೋಸ್ ಯಂತ್ರ. ಶನಿವಾರ ಸಂಜೆ ಬಿಡುವಿದೆ.

ಅಲ್ಪವಿರಾಮ

ಕಡತಪಾಲಕರೇ, ಅದಕ್ಕೆ ಮುನ್ನ ಆ ಹನ್ನೊಂದು ಸಾಲಿನ ಕಡತವನ್ನು ದಯವಿಟ್ಟು ಮುಟ್ಟಬೇಡಿ, ಇರುವಂತೆಯೇ ಇರಲಿ. ಅವರು ಸಿಕ್ಕಿಬಿದ್ದ ಕೂಡಲೇ ಮೈಕ್ ಹಾಕಿ ಹೇಳಿಕೊಡಬೇಕೆನ್ನಿಸುತ್ತದೆ, ತಡೆದುಕೊಂಡು ಸಮಯವನ್ನು ಮಾತ್ರ ಗುರುತುಹಾಕಿಕೊಳ್ಳಿ.

ಕಡತಪಾಲಕ

ಮುಟ್ಟುವುದಿಲ್ಲ. ಶನಿವಾರ ಸಂಜೆ ಆರಕ್ಕೆ, ಮೂವರೂ ಇರುತ್ತೇವೆ.